ಹಿಡಿಯಕ್ಕಿ

ನಮ್ಮ ಐಜೋಲ್‌ನಲ್ಲಿ ಹೆಂಗಸು ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕುತ್ತಾಳೆ. ಬೆಳಗಿನ ಊಟಕ್ಕೆ ಒಂದು ಹಿಡಿ, ಸಂಜೆಯ ಊಟಕ್ಕೆ ಒಂದು ಹಿಡಿ. ಅದು ದೇವರ ಪಾಲು. ಮನೆಯಲ್ಲಿ ಮದುವೆಯಿರಲಿ, ಹೆಣವಿರಲಿ, ಆ ಹಿಡಿ ತಪ್ಪುವುದಿಲ್ಲ. ತಿಂಗಳ ಕೊನೆಗೆ ಚರ್ಚಿನ ಹೆಂಗಸರು ಮನೆಮನೆಯ ಡಬ್ಬಿ ಸುರಿಸಿಕೊಂಡು ಉಗ್ರಾಣದಲ್ಲಿ ಮಾರುತ್ತೇವೆ. ಆ ದುಡ್ಡಿನಲ್ಲಿ ನಮ್ಮವರು ದೂರದ ನಾಡುಗಳಿಗೆ ಹೋಗಿ ಶಾಲೆ ಕಟ್ಟುತ್ತಾರೆ, ಸುವಾರ್ತೆ ಸಾರುತ್ತಾರೆ, ಔಷಧಿ ಹಂಚುತ್ತಾರೆ.

ನಮ್ಮ ಕೇರಿಯಲ್ಲಿ ಚೀಲ ಹಿಡಿದು ಹೋಗುವವಳು ನಾನು, ರೆಮಿ. ಯಾರು ನುಚ್ಚು ಹಾಕುತ್ತಾರೆ, ಯಾರು ನನ್ನ ಚಪ್ಪಲಿ ಸದ್ದು ಕೇಳಿದ ಮೇಲೆ ಗಡಿಬಿಡಿಯಲ್ಲಿ ಡಬ್ಬಿ ತುಂಬಿಸುತ್ತಾರೆ, ಎಲ್ಲ ನನ್ನ ಕೈಗೆ ಗೊತ್ತು. ಎಲ್ಲರ ಅಕ್ಕಿಯೂ ಒಂದೇ ಚೀಲಕ್ಕೆ ಬೀಳುತ್ತದೆ. ದಪ್ಪ, ಸಣ್ಣ, ಹಳತು, ಹೊಸತು, ಎಲ್ಲ ಬೆರಕೆ. ಬೇಯಿಸಿದರೆ ಒಂದು ಕಾಳು ಗಂಜಿಯಾಗುವಷ್ಟರಲ್ಲಿ ಇನ್ನೊಂದು ಕಾಳು ಕಲ್ಲಾಗಿಯೇ ಇರುತ್ತದೆ. ಅದಕ್ಕೇ ಅದು ಅಗ್ಗ. ಅಪ್ಪ ಸತ್ತ ಮೇಲಿನ ವರ್ಷಗಳಲ್ಲಿ ನಮ್ಮನ್ನು ಸಾಕಿದ್ದು ಅದೇ ಅಕ್ಕಿ. ನನ್ನ ತಮ್ಮ ಖುಮಾ ಆಗ ಸಣ್ಣವನು, ತಟ್ಟೆ ಮುಂದೆ ಕೂತು ಅಳುತ್ತಿದ್ದ. "ಇದು ಬೆಂದಿಲ್ಲಮ್ಮ, ಹಲ್ಲಿಗೆ ಸಿಗುತ್ತೆ" ಎನ್ನುತ್ತಿದ್ದ. ಮುಂದೆ ಟ್ಯಾಕ್ಸಿ ಓಡಿಸಿ ಸಂಪಾದನೆ ಶುರುವಾದ ಮೇಲೆ ಅವನು ಮನೆಗೆ ತಂದ ಮೊದಲ ಸಾಮಾನೆಂದರೆ ಒಂದೇ ಜಾತಿಯ ಒಳ್ಳೆ ಅಕ್ಕಿಯ ಚೀಲ.

ಮನೆಯಲ್ಲಿ ನಾವು ಐದು ಜನ. ಅಮ್ಮ, ಖುಮಾ, ಅವನ ಹೆಂಡತಿ ಸಂಗಿ, ಹತ್ತನೇ ಕ್ಲಾಸಿನ ಮಗಳು ಜುವಾಲಿ, ಮತ್ತೆ ಗಂಡನ ಮನೆ ಸಾಕೆಂದು ಗಂಟು ಕಟ್ಟಿಕೊಂಡು ಬಂದು ತರಕಾರಿ ಮಾರುವ ನಾನು. ಸಂಗಿ ದವಾಖಾನೆಯಲ್ಲಿ ನರ್ಸು. ಮಳೆಗಾಲ ಮುಗಿದ ಒಂದು ಭಾನುವಾರ ಚರ್ಚಿನಲ್ಲಿ ಅವಳ ಹೆಸರು ಓದಿದರು. ಜನವರಿಯಲ್ಲಿ ಕಾಂಬೋಡಿಯಾಕ್ಕೆ ಹೊರಡುವ ವೈದ್ಯರ ತಂಡದಲ್ಲಿ ಅವಳೂ ಒಬ್ಬಳು, ಮೂರು ವಾರಕ್ಕೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಅಮ್ಮ ಕೇಳಿದಳು. "ಎಲ್ಲಿದ್ಯೇ ಅದು ಕಾಂಬೋಡಿಯಾ?"

"ಬರ್ಮಾ ದಾಟಿ, ಇನ್ನೂ ಆ ಕಡೆ ಅಜ್ಜಿ," ಎಂದಳು ಜುವಾಲಿ. ಮುಖ ಊದಿಸಿಕೊಂಡಿದ್ದಳು. "ನನ್ನ ಪರೀಕ್ಷೆ ಫೆಬ್ರವರಿ ಕೊನೇಲಿ. ಅದು ಯಾರಿಗೂ ನೆನಪಿಲ್ಲ."

"ಅಷ್ಟರಲ್ಲಿ ಬಂದಿರ್ತೀನಲ್ಲ ಚಿನ್ನ," ಎಂದಳು ಸಂಗಿ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಲ್ಲಿ ನರ್ಸುಗಳೇ ಹುಟ್ಟಲ್ವಾ? ನಮ್ಮ ಕೆಳಗಿನ ಕೇರೀಲಿ ಮನೆಗೊಬ್ರು ಕೆಮ್ತಾ ಕೂತಿದಾರೆ. ಅವರನ್ನ ನೋಡೋಕೆ ವಿಮಾನ ಹತ್ತೋದು ಬೇಡ, ಅದಕ್ಕೇ ಯಾರಿಗೂ ಬೇಡವಾದ್ರಾ?"

"ಅಕ್ಕ, ಅವರನ್ನೂ ದಿನಾ ನಾನೇ ನೋಡ್ತೀನಿ," ಎಂದಳು ಸಂಗಿ. ಧ್ವನಿ ಎತ್ತಲಿಲ್ಲ, ಆದರೆ ಕಣ್ಣು ತುಂಬಿತ್ತು. ನರ್ಸು ತರಬೇತಿಯ ದಿನಗಳಿಂದ ಅವಳಿಗೆ ಅದೊಂದೇ ಆಸೆ. ಮೊದಲ ಸಲ ಹೆಸರು ಬಂದಾಗ ಜುವಾಲಿ ಹೊಟ್ಟೆಯಲ್ಲಿದ್ದಳು. ಎರಡನೇ ಸಲ ಬಂದಾಗ ಅಮ್ಮ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಎರಡು ಸಲವೂ ಸಂಗಿ ಗೊಣಗದೆ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಮತ್ತೆ ಮಡಚಿಟ್ಟಿದ್ದಳು.

"ಈ ಸಲ ಹೋಗ್ತಾಳೆ," ಎಂದ ಖುಮಾ. "ಮುಗೀತು ಮಾತು. ಅಕ್ಕ, ನೀನು ಬಾಯಿಗೆ ಅನ್ನ ಹಾಕ್ಕೋ."

ಅಮ್ಮ ಮಾತ್ರ ಪಿಟ್ಟೆನ್ನಲಿಲ್ಲ. ಸೊಸೆ ಸಂತೆಗೆ ಹೋಗಿ ತಡವಾದರೂ ಹತ್ತು ಮಾತಾಡುವ ಅಮ್ಮ! ಕಾರಣ ನನಗೆ ಆಮೇಲೆ ತಿಳಿಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಖುಮಾನ ಹೊಟ್ಟೆಯಲ್ಲಿ ಆಗಲೇ ಗೆಡ್ಡೆ ಬೇರು ಬಿಟ್ಟಿತ್ತು. ಗೆಡ್ಡೆ ಅಂತ ಅವನಿಗೂ ಗೊತ್ತಿರಲಿಲ್ಲ, ನೋವು ಅಂತ ಗೊತ್ತಿತ್ತು. ಉಂಡದ್ದು ಒಳಗೆ ನಿಲ್ಲುತ್ತಿರಲಿಲ್ಲ. ಒಂದು ದಿನ ಹಿತ್ತಲಲ್ಲಿ ಕಕ್ಕುತ್ತಿದ್ದವನನ್ನು ಅಮ್ಮ ಕಂಡುಬಿಟ್ಟಿದ್ದಳು. "ಸಂಗಿಗೆ ಹೇಳಿದ್ರೆ ನನ್ನಾಣೆ," ಎಂದು ಅವನು ಅವಳ ಬಾಯಿ ಕಟ್ಟಿದ. "ಅವಳು ಹೋಗಿಬರ್ಲಿ. ಬಂದ್ಮೇಲೆ ಆಸ್ಪತ್ರೆಗೆ ಹೋಗ್ತೀನಿ."

ಮನೆಯಲ್ಲಿ ನರ್ಸನ್ನಿಟ್ಟುಕೊಂಡು ರೋಗ ಬಚ್ಚಿಡುವುದು ಸುಲಭವಲ್ಲ. ಖುಮಾ ಅದಕ್ಕೆ ದಿನವೂ ಬುದ್ಧಿ ಓಡಿಸಬೇಕಾಗಿತ್ತು. ಬೆಳಗಿನ ಊಟದ ಹೊತ್ತಿಗೆ "ಬಾಡಿಗೆ ಬಂತು" ಎಂದು ಎದ್ದು ಹೋಗುತ್ತಿದ್ದ. ಸಂಜೆ ಬಂದು "ಸ್ಟ್ಯಾಂಡಲ್ಲಿ ಮೋಮೋ ತಿಂದೆ, ಹೊಟ್ಟೆ ಭರ್ತಿ" ಎನ್ನುತ್ತಿದ್ದ. ಹೊಗೆಯಾಡಿಸಿದ ಹಂದಿಮಾಂಸಕ್ಕೆ ಸಾಸಿವೆ ಸೊಪ್ಪು ಹಾಕಿ ಬೇಯಿಸಿದರೆ ಮೊದಲೆಲ್ಲ ಪಾತ್ರೆ ಬಳಿಯುವವನು ಈಗ ತನ್ನ ತುಂಡುಗಳನ್ನು ಮಗಳ ತಟ್ಟೆಗೆ ದಾಟಿಸುತ್ತಿದ್ದ. "ಓದೋ ಹುಡುಗಿ, ತಿನ್ನು." ಅವಳು ಮಹಾ ಖುಷಿಯಲ್ಲಿ ತಿನ್ನುತ್ತಿದ್ದಳು. ತೆಳ್ಳಗಾದೆಯಲ್ಲೋ ಅಂದರೆ, "ಅಕ್ಕ, ಗಾಡಿಗೆ ಭಾರ ಕಡಿಮೆಯಾದ್ರೆ ಪೆಟ್ರೋಲು ಉಳಿಯುತ್ತೆ" ಎಂದು ನಗಿಸುತ್ತಿದ್ದ.

ಕ್ರಿಸ್‌ಮಸ್ ಹಬ್ಬದಲ್ಲಿ ಇಡೀ ಕೇರಿ ಒಟ್ಟಿಗೆ ಕೂತು ಉಣ್ಣುತ್ತದೆ. ಖುಮಾ ಬಕೆಟ್ ಹಿಡಿದು ಮೊದಲ ಪಂಕ್ತಿಯಿಂದ ಕೊನೆಯ ಪಂಕ್ತಿಯವರೆಗೂ ಬಡಿಸಿದ. ಎಲ್ಲರೂ ಅವನನ್ನು ಹೊಗಳಿದ್ದೇ ಹೊಗಳಿದ್ದು. ಬಡಿಸುವವನು ತಿಂದನೋ ಬಿಟ್ಟನೋ ಯಾರು ನೋಡುತ್ತಾರೆ? ತಾನು ಹಿಂದೆ ನಿಂತು ಇನ್ನೊಬ್ಬರನ್ನು ಮುಂದೆ ಬಿಡಬೇಕು, ನೋವಾದರೆ ನುಂಗಬೇಕು, ಕೇಳಿದರೆ ಏನಿಲ್ಲ ಅನ್ನಬೇಕು. ನಮ್ಮ ಮಕ್ಕಳಿಗೆ ಹಾಲಿನ ಜೊತೆ ಕುಡಿಸುವ ಗುಣ ಅದು. ಅದಕ್ಕೊಂದು ಹೆಸರಿದೆ, ಹಾಡಿದೆ, ಬಹುಮಾನವೂ ಇದೆ. ನನ್ನನ್ನು ಕೇಳಿದರೆ ಅರ್ಧ ಊರನ್ನು ಅದೇ ನುಂಗಿದೆ.

ಹೊರಡುವ ದಿನ ಹತ್ತಿರ ಬಂದಂತೆ ಮನೆ ತುಂಬ ಔಷಧಿ. ಸಂಜೆ ಊಟವಾದ ಮೇಲೆ ಎಲ್ಲರೂ ನೆಲದ ಮೇಲೆ ಕೂತು ಮಾತ್ರೆಗಳನ್ನು ಸಣ್ಣ ಪೊಟ್ಟಣ ಕಟ್ಟುತ್ತಿದ್ದೆವು. ಖುಮಾ ಒಂದು ಹಾಳೆ ಎತ್ತಿ ನೋಡಿದ.

"ಇದ್ಯಾವುದಕ್ಕೆ?"

"ಹೊಟ್ಟೆ ಉರಿಗೆ," ಎಂದಳು ಸಂಗಿ.

"ಒಳ್ಳೇ ಮಾತ್ರೇನಾ?"

"ಒಳ್ಳೇದು. ಯಾಕೆ, ನಿಂಗೆ ಉರಿಯುತ್ತಾ?"

"ನಂಗ್ಯಾಕೆ ಉರಿಯುತ್ತೆ? ಹೆಂಡತಿ ಫಾರಿನ್‌ಗೆ ಹೋಗ್ತಿದಾಳೆ ಅಂತ ಪಕ್ಕದ ಮನೆಯವರಿಗೆ ಉರೀತಿದೆ. ಅವರಿಗೆ ಎರಡು ಕೊಟ್ಟು ಹೋಗು."

ಸಂಗಿ ನಕ್ಕು ನಕ್ಕು ಪೊಟ್ಟಣ ಚೆಲ್ಲಿದಳು. ಅವಳು ಮದುವೆಯಾಗಿ ಬಂದಾಗಿಂದ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಎದ್ದು, ತಾನು ಬಾಯಲ್ಲಿಟ್ಟುಕೊಂಡು ಉಗುಳುವ ಹೊಗೆಸೊಪ್ಪಿನ ನೀರಿನ ಬಾಟಲಿ ಹುಡುಕುವ ನೆಪ ಮಾಡಿ ಒಳಗೆ ಹೋದಳು. ಚೆಲ್ಲಿದ್ದನ್ನು ಆರಿಸುವಾಗ ಖುಮಾ ಆ ಹಾಳೆಯನ್ನು ಜೇಬಿಗೆ ಸೇರಿಸಿದ.

ಆ ತಿಂಗಳ ಕೊನೆಗೆ ನಮ್ಮ ಮನೆಯ ಹಿಡಿಯಕ್ಕಿ ಡಬ್ಬಿ ಎತ್ತಿದರೆ ಕೈ ಜಗ್ಗಿತು. ಹಿಂದಿನ ತಿಂಗಳೂ ಹಾಗೇ ಇತ್ತು. ಮುಚ್ಚಳ ಕೂರುತ್ತಿರಲಿಲ್ಲ, ಪಕ್ಕದಲ್ಲಿ ಇನ್ನೊಂದು ಪಾತ್ರೆಯಲ್ಲೂ ಅಕ್ಕಿ.

"ಏನಮ್ಮ ಇದು? ಹಿಡಿ ಹಾಕ್ತೀಯೋ ಬೊಗಸೆ ಹಾಕ್ತೀಯೋ?"

"ಸೊಸೆ ಹೋಗ್ತಿದಾಳೆ. ಡಬ್ಬಿ ಅರ್ಧ ಖಾಲಿ ಅಲ್ಲಾಡೋ ಹಂಗೆ ಕಳಿಸ್ಲಾ?"

ಹೆಂಗಸರ ಸಭೆಯಲ್ಲಿ ಮುಖ್ಯಸ್ಥೆ ಎದ್ದು ನಿಂತು ನಮ್ಮ ಮನೆಯ ಹೆಸರು ಹೇಳಿದಳು. ಸೊಸೆ ಸೇವೆಗೆ, ಅತ್ತೆ ದಾನಕ್ಕೆ, ಇಂಥ ಮನೆ ಕೇರಿಗೊಂದಿರಲಿ ಎಂದಳು. ಸಂಗಿ ಮನೆಗೆ ಬಂದವಳೇ ಅಮ್ಮನ ಕೈ ಹಿಡಿದುಕೊಂಡಳು. "ಅತ್ತೆ, ನಾನು ಹೋಗೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ನನ್ನ ಮೇಲೆ ಇಷ್ಟು ಪ್ರೀತಿ ಇತ್ತಾ? ಒಂದು ಮಾತು ಹೇಳ್ಬಾರ್ದಾ?"

"ಬಿಡೇ ಕೈ, ಒಲೆ ಮೇಲೆ ಸೊಪ್ಪಿದೆ," ಎಂದಳು ಅಮ್ಮ.

ಜನವರಿಯಲ್ಲಿ ಸಂಗಿ ಹೊರಟಳು. ಲೆಂಗ್‌ಪುಯಿ ವಿಮಾನ ನಿಲ್ದಾಣದವರೆಗೆ ಖುಮಾ ತಾನೇ ಗಾಡಿ ಓಡಿಸಿದ. ಹಿಂದಿನ ಸೀಟಿನಲ್ಲಿ ಜುವಾಲಿ, ನಾನು. ಅಲ್ಲಿ ತಂಡದವರೆಲ್ಲ ಸೇರಿ ಪ್ರಾರ್ಥಿಸಿ ಹಾಡಿದರು. ಸಂಗಿ ಒಳಗೆ ಹೋಗುವವರೆಗೂ ಖುಮಾ ಕೈ ಬೀಸುತ್ತಾ ನಗುತ್ತಾ ನಿಂತಿದ್ದ. ವಾಪಸು ಬರುವಾಗ ಮೂರನೇ ತಿರುವಿನಲ್ಲಿ ಗಾಡಿ ನಿಲ್ಲಿಸಿ ಕೆಳಗಿಳಿದ. ರಸ್ತೆಯ ಅಂಚಿನಲ್ಲಿ ಬಗ್ಗಿ ಕಕ್ಕಿದ. ಮಣ್ಣಿನ ಮೇಲೆ ಕಾಫಿ ಚರಟದಂಥ ಕಪ್ಪು.

"ಅಪ್ಪಾ!" ಜುವಾಲಿ ಕಿರುಚಿದಳು.

"ಏನಿಲ್ಲ, ತಿರುವು ಜಾಸ್ತಿ."

"ಇಪ್ಪತ್ತು ವರ್ಷದಿಂದ ಇದೇ ತಿರುವಲ್ಲಿ ಓಡಿಸ್ತಿದೀಯ," ಎಂದೆ ನಾನು. "ಯಾರ ಕಿವಿಗೆ ಹೂವಿಡ್ತೀಯೋ?"

ಮನೆಗೆ ಬಂದು ಅಮ್ಮನನ್ನು ಹಿಡಿದು ಕೇಳಿದರೆ ಅವಳು ನೆಲಕ್ಕೆ ಕುಸಿದು ಎಲ್ಲ ಹೇಳಿದಳು. ಮಾರನೇ ದಿನ ತರಕಾರಿ ಅಂಗಡಿಗೆ ಬಾಗಿಲು ಹಾಕಿ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಗಂಟಲಿನಿಂದ ನಳಿಗೆ ಇಳಿಸಿ ನೋಡಿದರು. ಚೂರು ತೆಗೆದರು. ಒಂದು ವಾರ ಕಳೆದ ಮೇಲೆ ವೈದ್ಯರು ಅವನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

"ಎರಡು ಮೂರು ತಿಂಗಳ ಹಿಂದೆ ಬಂದಿದ್ರೆ ಕತ್ತರಿಸಿ ತೆಗೆಯೋಕೆ ನೋಡಬಹುದಿತ್ತು ಅಕ್ಕ. ಈಗ ಲಿವರಿಗೂ ಹರಡಿದೆ."

ಹೊರಗೆ ಬಂದರೆ ಅವನು ಬೆಂಚಿನ ಮೇಲೆ ಯಾರದೋ ಮಗುವಿಗೆ ಗಾಡಿಯ ಕೀಲಿ ಕುಣಿಸಿ ಆಟವಾಡಿಸುತ್ತಿದ್ದ. ನನ್ನ ಮುಖ ನೋಡಿ ಕೀಲಿ ಜೇಬಿಗೆ ಹಾಕಿಕೊಂಡ. "ಸಂಗಿ ಬರೋವರೆಗೂ ಇರ್ತೀನಾ?" ಎಂದು ಕೇಳಿದ. ಇರುತ್ತೀ ಎಂದೆ. "ಹಂಗಾದ್ರೆ ಸುಮ್ನಿರು," ಎಂದ.

ಮಾರನೇ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅಮ್ಮ ಅಕ್ಕಿ ಅಳೆಯುತ್ತಿದ್ದಳು. ಆಳಿಗೊಂದು ಲೋಟ. ಬಾಯಲ್ಲೇ ಹೆಸರು ಹೇಳಿಕೊಳ್ಳುತ್ತಾ ಅಳೆಯುವುದು ಅವಳ ರೂಢಿ. "ರೆಮೀದು, ಜುವಾಲೀದು, ನಂದು," ಎಂದು ಪಾತ್ರೆಗೆ ಹಾಕಿ, ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ "ಖುಮಾಂದು" ಎಂದು ತುಂಬಿದ ಲೋಟವನ್ನೇ ಡಬ್ಬಿಗೆ ಸುರಿದಳು.

ನಾನು ಬಾಗಿಲಲ್ಲೇ ನಿಂತೆ. "ಏನಮ್ಮ ಮಾಡ್ತಿದೀಯ?"

ಅವಳು ಬೆಚ್ಚಿದಳು. ಆಮೇಲೆ ಮುಚ್ಚಳ ಹಾಕುತ್ತಾ ಹೇಳಿದಳು. "ಅವನು ತಿನ್ನಲ್ಲ. ಪಾತ್ರೆಗೆ ಹಾಕಿದ್ರೆ ಅನ್ನ ಮಿಗುತ್ತೆ. ಚೀಲದಲ್ಲೇ ಬಿಟ್ರೆ ಅಕ್ಕಿ ಮಿಗುತ್ತೆ. ಚೀಲ ತರೋಳು ಸಂಗಿ, ಅವಳಿಗೆ ಗೊತ್ತಾಗಿಬಿಡ್ತಿತ್ತು."

"ಸಂಗಿ ಈಗ ಇಲ್ವಲ್ಲ. ಈಗ ಯಾಕೆ?"

"ದೇವರ ಹತ್ರ ಮಾತಾಡ್ಕೊಂಡಿದೀನಿ. ಅವನ ಪಾಲು ನೀನೇ ಇಟ್ಕೋ, ಅವನ ಹಸಿವು ವಾಪಸ್ ಕೊಡು ಅಂತ. ಮಧ್ಯದಲ್ಲಿ ಬಿಡೋಕಾಗುತ್ತಾ?"

"ದೇವರಿಗೇನು ಅಕ್ಕಿ ಕಮ್ಮಿ ಬಿದ್ದಿತ್ತಾ? ಆಸ್ಪತ್ರೆ ಒಂದು ಇಳಿಜಾರು ಕೆಳಗಿದೆ, ಅಲ್ಲಿಗೆ ಕರ್ಕೊಂಡು ಹೋಗೋಕೆ ಕಾಲಿರ್ಲಿಲ್ಲ, ಇಲ್ಲಿ ವ್ಯಾಪಾರ ಮಾಡ್ತಾ ಕೂತಿದೀಯ!" ಕೇರಿಗೆ ಕೇಳುವಂತೆ ಕೂಗಾಡಿದೆ. ಅಮ್ಮ ಬೆಂಕಿ ಊದುತ್ತಾ ಕೂತಳು. ಎಂಬತ್ತು ತುಂಬಿದ ಮುದುಕಿಯ ಬೆನ್ನು ನೋಡಿ ನನ್ನ ಕೂಗು ನನಗೇ ಅಸಹ್ಯವಾಯಿತು.

ಅವತ್ತು ಸಂಜೆ ಕಾಂಬೋಡಿಯಾದಿಂದ ಫೋನು ಬಂತು. ಸಂಗಿಯ ಧ್ವನಿ ಹುಡುಗಿಯದಾಗಿತ್ತು. ಜನ ದೋಣಿಯಲ್ಲಿ ಬರುತ್ತಾರಂತೆ, ಬೆಳಕಾಗುವ ಮೊದಲೇ ಸಾಲು ಕಟ್ಟುತ್ತಾರಂತೆ, ಮಾತು ತಿಳಿಯದಿದ್ದರೂ ಅಜ್ಜಿಯರು ಕೈ ಹಿಡಿದು ಬಿಡುವುದಿಲ್ಲವಂತೆ. "ಅವರ ಮಾತಲ್ಲಿ ಒಂದೇ ಒಂದು ಪ್ರಶ್ನೆ ಕಲ್ತಿದೀನಿ ಖುಮಾ. ಊಟ ಸೇರುತ್ತಾ? ದಿನಾ ಅದನ್ನ ಕೇಳಿ ಕೇಳಿ ಗಂಟಲು ಬಿದ್ದೋಗಿದೆ. ನೀನು ಏನು ಊಟ ಮಾಡ್ದೆ?"

"ಎರಡು ತಟ್ಟೆ ಹೊಡೆದೆ. ಅಕ್ಕ ಹಂದಿಮಾಂಸ ಮಾಡಿದ್ಲು," ಎಂದ ಖುಮಾ. ಅವನ ಮುಂದೆ ಅರ್ಧ ಲೋಟ ಗಂಜಿ ತಣ್ಣಗಾಗಿ ಕೂತಿತ್ತು.

ಜುವಾಲಿ ಫೋನು ಕಸಿದುಕೊಂಡಳು. "ಅಮ್ಮ, ಬೇಗ ಬಾ."

"ಯಾಕೆ ಚಿನ್ನ? ಪರೀಕ್ಷೆಗೆ ಭಯ ಆಗ್ತಿದ್ಯಾ?"

ಖುಮಾ ಮಗಳನ್ನೇ ನೋಡುತ್ತಿದ್ದ. ಅವಳು ತುಟಿ ಕಚ್ಚಿಕೊಂಡು, "ಹ್ಞೂಂ, ಭಯ ಆಗ್ತಿದೆ," ಎಂದಳು. ಫೋನಿಟ್ಟ ಮೇಲೆ ಅವಳು ಸ್ಫೋಟಿಸಿದಳು.

"ನೀವೆಲ್ಲ ಸುಳ್ಳುಗಾರರು! ಭಾನುವಾರ ಭಾನುವಾರ ಚರ್ಚಿಗೆ ಹೋಗಿ ಮುಂದಿನ ಬೆಂಚಲ್ಲಿ ಕೂರ್ತೀರಾ!"

"ಬಾಯಿ ಮುಚ್ಚು," ಎಂದಳು ಅಮ್ಮ. "ಸೇವೆಗೆ ಹೋದೋರನ್ನ ಹಿಂದಕ್ಕೆ ಕರೀಬಾರ್ದು."

"ಯಾರು ಹೇಳಿದ್ದು? ಯಾವ ಪುಸ್ತಕದಲ್ಲಿದೆ? ತೋರಿಸಿ ಅಜ್ಜಿ!"

ಖುಮಾ ನಿಧಾನವಾಗಿ ಹೇಳಿದ. "ಎರಡು ಸಲ ಈ ಮನೆ ಅವಳ ಕಾಲು ಹಿಡಿದು ಎಳೀತು ಮಗಳೇ. ಮೊದಲ್ನೇ ಸಲ ನೀನು, ಎರಡನೇ ಸಲ ಅಜ್ಜಿ. ಮೂರನೇದು ನಾನಾಗಲ್ಲ. ಇನ್ನೆಷ್ಟು ದಿನ, ಬಂದೇ ಬರ್ತಾಳೆ."

"ಅಷ್ಟರಲ್ಲಿ ನೀನಿಲ್ದೇ ಹೋದ್ರೆ?"

ಜುವಾಲಿ ಎದ್ದು ಹೋಗಿ ಬಟ್ಟೆ ಒಣಹಾಕುವ ಜಗಲಿಯಲ್ಲಿ ನಿಂತು ತಾಯಿಗೆ ಎಲ್ಲವನ್ನೂ ಬರೆದು ಕಳಿಸಿದಳು. ಆಸ್ಪತ್ರೆಯ ಚೀಟಿಗಳ ಫೋಟೋ ತೆಗೆದು ಅದನ್ನೂ ಕಳಿಸಿದಳು. ಒಳಗೆ ಬಂದು "ಕಳಿಸಿದೀನಿ, ಹೊಡೀರಿ ಬೇಕಾದ್ರೆ," ಎಂದಳು. ಸತ್ಯವಾಗಿ ಹೇಳುತ್ತೇನೆ, ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಖುಮಾ ಮಾತ್ರ ಗೋಡೆ ಕಡೆ ತಿರುಗಿ ಮಲಗಿದ. ಆಮೇಲೆ ಅವಳು ಗಂಜಿ ತಂದರೆ ಲೋಟ ಇಸಿದುಕೊಳ್ಳುತ್ತಿದ್ದ, ಅವಳ ಜೊತೆ ಮಾತು ಆಡುತ್ತಿರಲಿಲ್ಲ.

ತಂಡ ಒಳನಾಡಿನ ಹಳ್ಳಿಗಳಿಗೆ ಹೋಗಿತ್ತು, ಅಲ್ಲಿ ಫೋನು ಸಿಗುತ್ತಿರಲಿಲ್ಲ. ಜುವಾಲಿ ಬರೆದದ್ದು ಸಂಗಿಗೆ ಮುಟ್ಟುವಷ್ಟರಲ್ಲಿ ದಿನಗಳೇ ಕಳೆದಿದ್ದವು. ಅವಳಿಂದ ಬಂದದ್ದು ಒಂದೇ ಮಾತು: ಬರ್ತಿದೀನಿ.

ಸಂಗಿ ಬಂದ ದಿನ ಖುಮಾ ನನ್ನಿಂದ ಗಡ್ಡ ಬೋಳಿಸಿಕೊಂಡು, ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವಳು ಚೀಲ ಬಾಗಿಲಲ್ಲೇ ಬಿಟ್ಟು ಸೀದಾ ಅಡುಗೆಮನೆಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದಳು. ಅಳಲಿಲ್ಲ. ಅವನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು. ಹೊಟ್ಟೆ ಮುಟ್ಟಿದಳು. ಎಡಗಡೆ ಕುತ್ತಿಗೆಯ ಬುಡದಲ್ಲಿ ಅವಳ ಬೆರಳು ನಿಂತಿತು. ಅಲ್ಲೊಂದು ಗಂಟು.

"ಇದು ಯಾವಾಗಿಂದ?"

"ಯಾವುದು?"

"ಖುಮಾ."

"ಕ್ರಿಸ್‌ಮಸ್‌ಗೂ ಮೊದಲಿಂದ."

"ದಿನಾ ಇದೇ ಹಾಸಿಗೇಲಿ ಮಲಗಿದ್ದೆ ನಾನು," ಎಂದಳು ಸಂಗಿ. "ಗುರುತು ಪರಿಚಯ ಇಲ್ದೋರನ್ನೆಲ್ಲ ಕೇಳಿದೆ, ಊಟ ಸೇರುತ್ತಾ, ಊಟ ಸೇರುತ್ತಾ ಅಂತ. ನಿನ್ನನ್ನ ಕೇಳ್ಲಿಲ್ಲ."

"ಕೇಳಿದ್ರೂ ಸುಳ್ಳು ಹೇಳ್ತಿದ್ದೆ ಬಿಡು. ಕೆಲಸ ಪೂರ್ತಿ ಮುಗಿಸಿ ಬಂದ್ಯಾ, ಅರ್ಧಕ್ಕೆ ಬಿಟ್ಯಾ?"

"ಅರ್ಧಕ್ಕೆ ಬಿಟ್ಟೆ."

"ಛೆ," ಎಂದ ಅವನು. ಆಗ ಅವಳು ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ಜುವಾಲಿ ಒಳಗೆ ಓಡಿದಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಅಂದಿನಿಂದ ಗಂಜಿ ಮಾಡುವುದು, ಕುಡಿಸುವುದು ಎಲ್ಲ ಸಂಗಿಯ ಕೈಗೆ ಬಂತು. ಅವನ ಪಾಲಿನ ಲೋಟವನ್ನು ಅವಳೇ ಅಳೆಯುತ್ತಿದ್ದಳು, ನುಣ್ಣಗೆ ಬೇಯಿಸಿ ಸೋಸಿ ಚಮಚದಲ್ಲಿ ಕೊಡುತ್ತಿದ್ದಳು. ಅಮ್ಮ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಹಿಡಿಯಕ್ಕಿ ಡಬ್ಬಿಗೆ ಮೊದಲಿನಂತೆ ಬರೀ ಒಂದು ಹಿಡಿ ಬೀಳುತ್ತಿತ್ತು. ಅಮ್ಮನ ವ್ಯಾಪಾರ ಮುರಿದಿತ್ತು.

ಪರೀಕ್ಷೆಯ ಮೊದಲ ದಿನ ಜುವಾಲಿ ಯೂನಿಫಾರ್ಮ್ ಹಾಕಿಕೊಂಡು ಅವನ ಹಾಸಿಗೆಯ ಬಳಿ ಬಂದು ನಿಂತಳು. ಖುಮಾ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಪೆನ್ನು ಎರಡು ಇಟ್ಕೊಂಡಿದೀಯಾ?"

"ಹ್ಞೂಂ ಅಪ್ಪ."

"ಸ್ಟ್ಯಾಂಡಲ್ಲಿ ಯಾರನ್ನಾದ್ರೂ ಕರೆದು ಗಾಡೀಲಿ ಹೋಗು. ನನ್ನ ಮಗಳು ಅಂತ ಹೇಳು, ದುಡ್ಡು ತಗೊಳಲ್ಲ."

ಅವಳು ಮೇಲಿನ ರಸ್ತೆಗೆ ಮೆಟ್ಟಿಲು ಹತ್ತುವಾಗ ಅಳುತ್ತಿದ್ದಳು, ಆದರೆ ಅವತ್ತು ಚೆನ್ನಾಗಿ ಬರೆದಳಂತೆ. ಎಲ್ಲ ಪತ್ರಿಕೆ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ, ಸಂಗಿ ಚಮಚ ಹಿಡಿದಿರುವಾಗಲೇ ಖುಮಾ ಹೋಗಿಬಿಟ್ಟ. ಗಂಜಿ ತುಟಿಯ ಅಂಚಿನಿಂದ ಇಳಿಯಿತು. ಸಂಗಿ ಅದನ್ನು ಒರೆಸಿದಳು, ಮತ್ತೆ ಒರೆಸಿದಳು.

ಕೇರಿಯ ಧ್ವನಿವರ್ಧಕದಲ್ಲಿ ಅವನ ಹೆಸರು ಕೂಗಿದರು. ಹುಡುಗರು ಗುಂಡಿ ತೋಡಿದರು. ಟ್ಯಾಕ್ಸಿಯವರೆಲ್ಲ ಗಾಡಿ ನಿಲ್ಲಿಸಿ ಬಂದರು. ಸಂಗಿ ಪೆಟ್ಟಿಗೆಯ ತಳದಿಂದ, ಮದುವೆಯಾಗಿ ಬರುವಾಗ ನಮ್ಮ ಹೆಣ್ಣುಮಕ್ಕಳೆಲ್ಲ ತರುವ ಕಪ್ಪು ಪಟ್ಟೆಯ ಹೊದಿಕೆಯನ್ನು ತೆಗೆದು ಅವನಿಗೆ ಹೊದಿಸಿದಳು. ಮನೆ ತುಂಬ ಜನ ಕೂತು ಹಾಡಿದರು. ಅವನ ಗುಣ ಹೊಗಳಿದರು. ತನ್ನ ನೋವು ನುಂಗಿ ಹೆಂಡತಿಯನ್ನು ಸೇವೆಗೆ ಕಳಿಸಿದ ಗಂಡ ಎಂದರು. ಸಂಗಿ ತಲೆ ಎತ್ತದೆ ಕೇಳಿಸಿಕೊಂಡಳು.

ತಿಂಗಳ ಕೊನೆ ಬಂತು. ಸಾವಿನ ಮನೆಯಾದರೂ ಡಬ್ಬಿ ಸುರಿಯಲೇಬೇಕು. ನಾನು ಕೇರಿಯೆಲ್ಲ ಸುತ್ತಿ ಕೊನೆಗೆ ನಮ್ಮ ಅಡುಗೆಮನೆಗೆ ಚೀಲ ತಂದೆ. ಸಂಗಿಯೇ ಡಬ್ಬಿ ಎತ್ತಿಕೊಟ್ಟಳು. ಕೊಡುವ ಕೈ ಅರ್ಧದಲ್ಲಿ ನಿಂತಿತು.

"ಇದ್ಯಾಕೆ ಇಷ್ಟು ಹಗುರ ಅಕ್ಕ? ನಾನು ಹೋಗೋ ಮುಂಚೆ ಮುಚ್ಚಳ ಕೂರ್ತಿರ್ಲಿಲ್ಲ."

ನಾನು ಅಮ್ಮನ ಕಡೆ ನೋಡಿದೆ. ನೋಡಬಾರದಿತ್ತೋ ಏನೋ. ಸಂಗಿಯೂ ನೋಡಿದಳು. "ಅತ್ತೆ?"

"ಅದು ಅವನ ಪಾಲು," ಎಂದಳು ಅಮ್ಮ. "ಅವನು ತಿನ್ನದೇ ಇದ್ದಿದ್ದು. ನಿನ್ನ ಕಣ್ಣಿಗೆ ಬೀಳ್ದೇ ಇರ್ಲಿ ಅಂತ ಅಲ್ಲಿ ಹಾಕ್ತಿದ್ದೆ."

ಸಂಗಿ ಡಬ್ಬಿಯನ್ನು ನೆಲದ ಮೇಲಿಟ್ಟಳು. "ಸಭೇಲಿ ನನ್ನ ಹೊಗಳಿದ್ರಲ್ಲ. ಅದು ಈ ಅಕ್ಕಿಗಾ?"

"ಹೌದು."

"ಮನೆಗೆ ಬಂದು ನಿಮ್ಮ ಕೈ ಹಿಡ್ಕೊಂಡೆ ಅತ್ತೆ. ಆಗಲಾದ್ರೂ ಹೇಳ್ಬಾರ್ದಿತ್ತಾ?"

"ಆಣೆ ಹಾಕಿಸ್ಕೊಂಡಿದ್ದ ಕಣೇ," ಎಂದು ಅಮ್ಮ ಹೊದ್ದ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಸಂಗಿ ಅವಳ ಮೇಲೆ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ನಾನು ಚೀಲ ಹೊತ್ತು ಹಿಂದೆ ಓಡಿದೆ. ಅವಳು ಹೋದದ್ದು ಚರ್ಚಿನ ಉಗ್ರಾಣಕ್ಕೆ.

"ಆ ತಿಂಗಳುಗಳ ಅಕ್ಕಿ ಇನ್ನೂ ಇದ್ಯಾ ಅಕ್ಕ?"

ಇತ್ತು. ಬೆರಕೆ ಅಕ್ಕಿ ಬೇಗ ಖರ್ಚಾಗುವುದಿಲ್ಲ. ಕ್ರಿಸ್‌ಮಸ್ ತಿಂಗಳಲ್ಲಿ ನಾನೇ ಹಸಿರು ದಾರದಿಂದ ಬಾಯಿ ಕಟ್ಟಿದ ಚೀಲ ಗೋಡೆಗೆ ಒರಗಿತ್ತು. ಬಿಚ್ಚಿ ಕೊಟ್ಟೆ. ಅವಳು ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿದಳು. ಬಿಳಿ ಕಾಳು, ಕೆಂಪು ಕಾಳು, ದಪ್ಪ, ಸಣ್ಣ. ಬೆರಳಿನಿಂದ ಕದಲಿಸಿ ಕದಲಿಸಿ ನೋಡಿದಳು.

"ಇದರಲ್ಲಿ ಅವನದು ಯಾವುದು?"

"ಹೆಂಗೆ ಹೇಳ್ಲಿ ನಾನು," ಎಂದೆ. "ಕೇರಿಯೋರದೆಲ್ಲ ಸೇರ್ಕೊಂಡಿದೆ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.

"ಹಂಗಾದ್ರೆ ಇದನ್ನೇ ಕೊಡು."

ಕೊಟ್ಟ ಅಕ್ಕಿಯನ್ನು ವಾಪಸು ಕೊಡುವಂತಿಲ್ಲ, ಆದರೆ ಯಾರು ಬೇಕಾದರೂ ಕೊಳ್ಳಬಹುದು. ಬಡವರು ಕೊಳ್ಳುವ ಬೆಲೆಗೇ ಅಳೆದು ಕೊಟ್ಟೆ. ಅವಳು ಅದನ್ನು ಮಗುವಿನಂತೆ ಎದೆಗೊತ್ತಿಕೊಂಡು ಇಳಿಜಾರಿನಲ್ಲಿ ನಡೆದಳು.

ಸಂಜೆ ಒಲೆ ಹೊತ್ತಿಸಿದವಳು ಅವಳೇ. ಅಮ್ಮನ ಲೋಟದಿಂದಲೇ ಅಳೆದಳು. "ಅತ್ತೇದು, ಅಕ್ಕಂದು, ಜುವಾಲೀದು, ನಂದು," ಎಂದು ಅಮ್ಮನಂತೆಯೇ ಹೆಸರು ಹೇಳಿದಳು. ಒಂದು ಗಳಿಗೆ ನಿಂತು, "ಖುಮಾಂದು," ಎಂದು ಇನ್ನೊಂದು ಲೋಟ ತುಂಬಿ ಅದನ್ನೂ ಪಾತ್ರೆಗೇ ಸುರಿದಳು. ಪಲ್ಯ ಪದಾರ್ಥ ಏನೂ ಮಾಡಲಿಲ್ಲ. ಉಪ್ಪು ಹಾಕಿ ಬೇಯಿಸಿದ ಸೊಪ್ಪು, ಅದರ ನೀರು, ಅನ್ನ.

ನಾವು ನಾಲ್ಕು ಜನ ತಟ್ಟೆ ಮುಂದೆ ಕೂತೆವು. ಅನ್ನ ಐದು ಜನರದು, ತಟ್ಟೆ ತುಂಬಿ ರಾಶಿಯಾಗಿತ್ತು. ಜುವಾಲಿ ಒಂದು ತುತ್ತು ಬಾಯಿಗಿಟ್ಟು ತಾಯಿಯನ್ನು ನೋಡಿದಳು.

"ಇದು ಬೆಂದಿಲ್ಲಮ್ಮ. ಹಲ್ಲಿಗೆ ಸಿಗುತ್ತೆ."

ಸಣ್ಣವನಿದ್ದಾಗ ಖುಮಾ ಹೇಳುತ್ತಿದ್ದ ಅದೇ ಮಾತು. ಅವಳಿಗೆ ಯಾರೂ ಕಲಿಸಿರಲಿಲ್ಲ.

"ತಿನ್ನು," ಎಂದಳು ಸಂಗಿ. ತಾನೂ ಅಗಿದಳು, ನಿಧಾನವಾಗಿ, ಪ್ರತಿಯೊಂದು ಕಾಳನ್ನೂ.

ಅಮ್ಮ ಮಾತ್ರ ಇನ್ನೂ ತಟ್ಟೆ ಮುಟ್ಟಿರಲಿಲ್ಲ. ಅವಳ ಕಣ್ಣು ಒಲೆಯ ಪಕ್ಕದ ಡಬ್ಬಿಯ ಮೇಲಿತ್ತು. ಅಪ್ಪ ಸತ್ತ ದಿನವೂ, ಖುಮಾ ಸತ್ತ ದಿನವೂ ತಪ್ಪದ ಕೈ ಅದು. ಹೇಳಲೋ ಬೇಡವೋ ಎಂದು ತುಟಿ ಅಲುಗಿಸಿ ಕೊನೆಗೆ ಕೇಳಿಯೇಬಿಟ್ಟಳು.

"ಹಿಡಿ ತೆಗೆದ್ಯಾ ಸಂಗಿ?"

ಸಂಗಿ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಈ ಮನೆಯಿಂದ ದೇವರ ಪಾಲು ತೆಗೆದಾಗಿದೆಯಲ್ಲ ಅತ್ತೆ," ಎಂದಳು.

ಅಮ್ಮ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಹಲ್ಲಿಲ್ಲದ ಬಾಯಿಯಲ್ಲಿ ಆ ಬೇಯದ ಅನ್ನವನ್ನು ತಿನ್ನತೊಡಗಿದಳು.